ನಾನು ತಿದ್ದಿದ ಕೊನೆಯ ಕಂತು

ಬರೆಯುವವನ ಕೈ ಹಿಡಿದು ಬೇರೆ ಯಾರೋ ಬರೆಸುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಪತ್ತೇದಾರಿ ಕಾದಂಬರಿ ಬರೆಯುವವನು ಅಂಥದ್ದನ್ನೆಲ್ಲ ನಂಬಿದರೆ ಕಸುಬು ನಡೆಯುವುದಿಲ್ಲ. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ.

ಐವತ್ತರ ದಶಕದ ಕೊನೆಯ ಮಾತು. ಕೃಷ್ಣಮೂರ್ತಿಪುರಂನಲ್ಲಿ ಬಾಡಿಗೆ ಮನೆ, ಮೇಷ್ಟರ ಕೆಲಸ. ವಾರಪತ್ರಿಕೆಯೊಂದಕ್ಕೆ ಕುದುರೆ ರೇಸಿನ ಸುತ್ತ ನಡೆಯುವ ಕೊಲೆಯ ಕಥೆಯನ್ನು ಧಾರಾವಾಹಿಯಾಗಿ ಬರೆಯುತ್ತಿದ್ದೆ. ರೇಸ್ ಮೈದಾನದೊಳಗೆ ನಾನು ಕಾಲಿಟ್ಟವನೇ ಅಲ್ಲ. ಬೆಟ್ಟಕ್ಕೆ ಹೋಗುವಾಗ ಬೇಲಿಯಾಚೆ ಕುದುರೆಗಳನ್ನು ಕಂಡಿದ್ದೆ, ಅಷ್ಟೇ. ನನ್ನ ಕಥೆಯಲ್ಲಿ ಲಾಯದ ಆಳೊಬ್ಬ ಸತ್ತುಬಿದ್ದಿರುತ್ತಾನೆ. ಕುದುರೆ ಒದ್ದು ಸತ್ತನೆಂದು ಎಲ್ಲರೂ ನಂಬುತ್ತಾರೆ. ಅವನ ಎಡ ಮುಷ್ಟಿಯಲ್ಲಿ ಹಳದಿ ಸೀರೆಯ ಚೂರಿನಲ್ಲಿ ಸುತ್ತಿದ ಬೆಲ್ಲ. ಅದೇಕೆ ಹೊಳೆಯಿತೋ, ಬರೆದೆ.

ಆ ಕಂತು ಅಚ್ಚಾದ ವಾರ, ಪತ್ರಿಕೆಯವರಲ್ಲಿ ವಿಳಾಸ ಕೇಳಿಕೊಂಡು ಕುಂಬಾರಕೊಪ್ಪಲಿನಿಂದ ಒಬ್ಬ ಹೆಂಗಸು ಬಂದಳು. ಹೆಸರು ಪುಟ್ಟತಾಯಮ್ಮ. ಆಕೆಯ ಗಂಡ ಯಾರೋ ಶ್ರೀಮಂತರ ಖಾಸಗಿ ಲಾಯದಲ್ಲಿ ಕೆಲಸಕ್ಕಿದ್ದವನು, ಆರು ವರ್ಷದ ಹಿಂದೆ ಕುದುರೆ ಒದ್ದು ಸತ್ತಿದ್ದನಂತೆ. ಆಕೆಗೆ ಓದು ಬಾರದು. ಮೈದುನ ಕೆಂಪಣ್ಣ ವಾರವಾರವೂ ನನ್ನ ಕಥೆ ಓದಿ ಹೇಳುತ್ತಿದ್ದನಂತೆ.

"ಮೈ ತೊಳ್ಯೋವಾಗ ಕೈ ಬಿಡ್ಸಿ ಆ ಬೆಲ್ಲ ತೆಗ್ದೋಳು ನಾನೇ ಸ್ವಾಮಿ. ಸೀರೆ ಚೂರೂ ನಂದೇ. ಯಾರ್ಗೂ ಏಳಿಲ್ಲ. ನಿಮ್ಗೆ ಎಂಗೆ ಗೊತ್ತಾಯ್ತು?"

ಎಲ್ಲ ಕಟ್ಟುಕತೆಯಮ್ಮ ಎಂದೆ. ಆಕೆ ಕೇಳಲಿಲ್ಲ. ಕೊಂದವನು ಯಾರೆಂದು ಮುಂದೆ ಬರೆಯುತ್ತೀರಲ್ಲ, ಈಗಲೇ ಹೇಳಿಬಿಡಿ ಎಂದು ಕಾಲು ಹಿಡಿಯಲು ಬಂದಳು. ಒದ್ದ ಕುದುರೆಯನ್ನು ಅಂದೇ ಗುಂಡಿಕ್ಕಿ ಕೊಂದರಂತೆ. "ಎತ್ತ ಮಗೀನಂಗೆ ನೋಡ್ಕಂಡಿದ್ರು. ಅದು ಅವ್ರನ್ನ ಒದೀತದಾ?" ಎಂದಳು.

ಮೈದುನ ಆಸರೆಯಾಗದಿದ್ದರೆ ಮಕ್ಕಳನ್ನು ಕಟ್ಟಿಕೊಂಡು ಕೆರೆಗೆ ಬೀಳುತ್ತಿದ್ದೆ ಎಂದು ಹೇಳುತ್ತಲೇ ಆಕೆ ಬೀದಿಯ ಕಡೆ ಕೈ ತೋರಿಸಿದಳು. ಗೇಟಿನ ಹೊರಗೆ ಸೈಕಲ್ ಹಿಡಿದು ಕೆಂಪಣ್ಣ ನಿಂತಿದ್ದ. ನನ್ನನ್ನು ಕಂಡು ಕೈಮುಗಿದ. ಅವನ ಎಡಗಿವಿಯ ತುದಿ ಇರಲಿಲ್ಲ.

ಕಥೆಯ ಕೊನೆಯ ಕಂತನ್ನು ಆಗಲೇ ಪತ್ರಿಕೆಗೆ ಕೊಟ್ಟಾಗಿತ್ತು. ಅದರಲ್ಲಿ ಕೊಲೆಗಾರ ಸತ್ತವನ ಸ್ವಂತ ತಮ್ಮ. ಕುದುರೆ ಕಚ್ಚಿ ಅವನ ಎಡಗಿವಿಯ ತುದಿ ಹೋಗಿತ್ತು ಎಂದೂ ಬರೆದಿದ್ದೆ.

ಅವರು ಹೋದದ್ದೇ ತಡ, ಅಚ್ಚುಕೂಟಕ್ಕೆ ಓಡಿದೆ. ಅಚ್ಚಿನ ಮೊಳೆ ಜೋಡಿಸಿ ಆಗಿತ್ತು. ಸಂಪಾದಕರನ್ನು ಅಂಗಲಾಚಿದೆ. ಕೊಲೆಯೇ ಇಲ್ಲದ ಪತ್ತೇದಾರಿ ಕಥೆಯನ್ನು ಯಾರು ಓದುತ್ತಾರೆ ಎಂದು ರೇಗಿದರು. ನಾನು ಬಿಡಲಿಲ್ಲ. ಅಲ್ಲೇ ಕುಳಿತು, ಕುದುರೆ ಬೆದರಿ ಒದ್ದದ್ದೇ ನಿಜವೆಂದು ಬರೆದುಕೊಟ್ಟು, ಹಳೆಯ ಹಾಳೆಗಳನ್ನು ಮನೆಗೆ ತಂದು ಒಲೆಗೆ ಹಾಕಿದೆ. ಆಕೆಯ ಮಕ್ಕಳ ಅನ್ನ ಉಳಿಸಿದೆನೋ, ಕೊಲೆಗಾರನನ್ನೇ ಉಳಿಸಿದೆನೋ ತಿಳಿಯದೆ ಆ ಕಂತು ಬರುವವರೆಗೆ ಒದ್ದಾಡಿದೆ.

ಅದು ಅಚ್ಚಾದ ಮಾರನೆಯ ದಿನ ಮಧ್ಯಾಹ್ನ ಪುಟ್ಟತಾಯಮ್ಮ ಒಬ್ಬಳೇ ಬಂದಳು. ಕುಂಬಾರಕೊಪ್ಪಲಿನಿಂದ ನಡೆದೇ ಬಂದಿದ್ದಳು. ಕೆಂಪಣ್ಣ ಕಥೆಯನ್ನು ಕೊನೆಯವರೆಗೂ ಓದಿ ಹೇಳಿದನಂತೆ. ಪತ್ರಿಕೆ ಮಡಿಸಿಟ್ಟು ಬಹಳ ಹೊತ್ತು ಅತ್ತನಂತೆ. ಬೆಳಿಗ್ಗೆ ಸೈಕಲ್ಲನ್ನು ಮನೆಯಲ್ಲೇ ಬಿಟ್ಟು ಎಲ್ಲಿಗೋ ಹೊರಟುಹೋಗಿದ್ದ.

"ಓಗೋವಾಗ ಒಂದು ಮಾತು ಏಳ್ದ ಸ್ವಾಮಿ," ಎಂದಳು. "ಮೊದ್ಲು ಬರ್ದಿದ್ದನ್ನ ಯಾಕೆ ತೆಗೆದುಬುಟ್ರು ಅಂತ ಆ ಮೇಷ್ಟ್ರನ್ನ ಕೇಳು ಅಂದ. ಏನ ತೆಗೆದ್ರಿ ಸ್ವಾಮಿ?"

ತೆಗೆದದ್ದು ಗೊತ್ತಿದ್ದದ್ದು ಸಂಪಾದಕರಿಗೆ, ಮೊಳೆ ಜೋಡಿಸಿದವನಿಗೆ, ನನಗೆ. ಆಮೇಲೆ ಅವರಿಬ್ಬರನ್ನೂ ವಿಚಾರಿಸಿದೆ. ಇಬ್ಬರೂ ಕೆಂಪಣ್ಣನನ್ನು ಕಂಡವರಲ್ಲ. ಬೆಲ್ಲದ ಸಂಗತಿ ನನಗೆ ಹೇಗೆ ತಿಳಿಯಿತೆಂದು ನಾನೇ ಅರಿಯೆ. ಇದು ಅವನಿಗೆ ಹೇಗೆ ತಿಳಿಯಿತೋ. ಅವನು ಹಿಂದಿರುಗಿ ಬರಲಿಲ್ಲ.

ಆ ಮಧ್ಯಾಹ್ನ ನಾನು ತಲೆ ತಗ್ಗಿಸಿ ಏನೂ ಇಲ್ಲಮ್ಮ ಎಂದೆ. ಆಕೆ ನನ್ನ ಮುಖವನ್ನೇ ನೋಡುತ್ತಾ ಜಗಲಿಯ ಮೇಲೆ ಕುಳಿತಳು. ಬಿಸಿಲು ಇಳಿದರೂ ಏಳಲಿಲ್ಲ.