ಯಶೋದಮ್ಮ ಶೇರು ಕೊಂಡದ್ದು

ಹಂಪಾಪುರದ ಸುತ್ತಮುತ್ತ ಮೂವತ್ತು ವರ್ಷ ಹೆರಿಗೆ ಮಾಡಿಸಿದ ನರ್ಸ್ ಯಶೋದಮ್ಮನವರಿಗೆ, ಒಳ್ಳೆಯದಾಗುತ್ತದೆ ಎಂದು ಮುಂಚೆ ಹೇಳುವ ಅಭ್ಯಾಸವೇ ಇರಲಿಲ್ಲ. ಬಸುರಿಯ ಗಂಡ ಬಾಗಿಲಲ್ಲಿ ನಿಂತು ಕೇಳಿದರೆ, "ಮಗು ಅತ್ಮೇಲೆ ಕೇಳು, ಹೋಗು" ಎನ್ನುತ್ತಿದ್ದರು.

ತಮ್ಮ ದೇವರಾಜು ಇದಕ್ಕೆ ತದ್ವಿರುದ್ಧ. ಹುಣಸೂರಿನಲ್ಲಿ ಒಂದು ಮಹಡಿ ರೂಮು ಹಿಡಿದು ಜನರಿಗೆ ಶೇರು ಕೊಡಿಸುತ್ತಿದ್ದ. 2003ರಲ್ಲಿ ಅಕ್ಕ ನಿವೃತ್ತಿಯಾದಾಗಿನಿಂದ ಅವರಿಗೆ ಬಂದ ಮೂರು ಲಕ್ಷದ ಮೇಲೆ ಅವನ ಕಣ್ಣು.

"ದೇಶ ಬೆಳೀತಾ ಅದೆ ಕಣಕ್ಕ. ಐದೊರ್ಸಕ್ಕೆ ನಾಕರಷ್ಟಾಯ್ತದೆ."

"ಏರಿದ್ದು ಇಳೀಲೇಬೇಕು ಕಣೋ. ನಂಗ್ ಬ್ಯಾಡ ಬುಡು."

ಆದರೆ ಇಳಿಯಲಿಲ್ಲ. ನಾಲ್ಕು ವರ್ಷ ಏರುತ್ತಲೇ ಹೋಯಿತು. ದೇವರಾಜು ಕಾರು ಕೊಂಡ. ಹಬ್ಬಕ್ಕೆ ಅಕ್ಕ ಹೋದಾಗ ಅವನ ಹೆಂಡತಿ ಸುಂದ್ರಮ್ಮ, "ನಮ್ಮತ್ತಿಗೆಗೆ ದುಡ್ಡು ಕೊಳೆಯಾಕ್ ಬುಡೋದೇ ಇಷ್ಟ" ಎಂದು ನೆಂಟರನ್ನೆಲ್ಲ ನಗಿಸುತ್ತಿದ್ದಳು. ಗಂಡ ಬಿಟ್ಟುಹೋದ, ಮಕ್ಕಳಿಲ್ಲದ ಯಶೋದಮ್ಮನವರಿಗೆ ಹೋಗಲು ಬೇರೆ ಮನೆಯಿರಲಿಲ್ಲ. 2007ರ ಡಿಸೆಂಬರಿನಲ್ಲಿ ಬ್ಯಾಂಕಿನ ಠೇವಣಿ ಮುರಿಸಿ ಅಷ್ಟನ್ನೂ ತಮ್ಮನ ಕೈಗಿಟ್ಟರು. ಅಂದು ಸುಂದ್ರಮ್ಮ ಒಬ್ಬಟ್ಟು ಮಾಡಿದಳು.

ಜನವರಿಯಲ್ಲಿ ಶೇರು ಪೇಟೆ ಬಿತ್ತು. ದೀಪಾವಳಿಯ ಹೊತ್ತಿಗೆ ಮೂರು ಲಕ್ಷದಲ್ಲಿ ಉಳಿದದ್ದು ಎಂಬತ್ತು ಸಾವಿರ. ದುಡ್ಡು ಕಳೆದುಕೊಂಡವರೆಲ್ಲ ಆಫೀಸಿಗೆ ಬಂದು ಗದ್ದಲ ಎಬ್ಬಿಸಿದಾಗ, ದೇವರಾಜು ಮೂಲೆಯಲ್ಲಿ ಕೂತಿದ್ದ ಅಕ್ಕನತ್ತ ಬೆರಳು ತೋರಿಸಿದ.

"ಬೀಳ್ತದೆ ಬೀಳ್ತದೆ ಅಂತ ವರ್ಸಾನುಗಟ್ಲೆ ಬಾಯ್ ಬಡ್ಕಂಡ್ಳು. ಅವ್ಳು ಕಾಲಿಟ್ಟಿದ್ದೇ ತಡ, ಬಿತ್ತು ನೋಡಿ!"

"ಊಂ ಕಣ್ರೀ, ಆಯಮ್ಮನ ಬಾಯೇ ಅಂಗೆ" ಎಂದ ಹನಗೋಡಿನ ನಂಜಣ್ಣ. ಅವನ ಇಬ್ಬರು ಮಕ್ಕಳ ಹೆರಿಗೆಯನ್ನೂ ಯಶೋದಮ್ಮನವರೇ ಮಾಡಿಸಿದ್ದರು.

ಯಶೋದಮ್ಮ ಎದ್ದು ಹೊರಟಾಗ ಆಫೀಸಿನ ಹುಡುಗಿ ರೂಪಶ್ರೀ ಮೆಟ್ಟಿಲವರೆಗೆ ಹಿಂದೆ ಬಂದಳು. "ಅಮ್ಮ, ನೀವು ದುಡ್ ಕೊಟ್ಟ ವಾರಾನೇ ದೇವರಾಜು ಸಾರು ತಮ್ ಸ್ವಂತ ಶೇರೆಲ್ಲ ಮಾರ್ಬುಟ್ರು."

ಯಶೋದಮ್ಮ ಬಸ್ಸು ಹತ್ತಿದರು. ಮರುವರ್ಷ ಮಾರ್ಚಿನಲ್ಲಿ ಬಂದಷ್ಟು ಬರಲಿ ಎಂದು ಎಲ್ಲವನ್ನೂ ಮಾರಿದರು. ಎಪ್ಪತ್ತು ಸಾವಿರ ಸಿಕ್ಕಿತು. ಮೇ ತಿಂಗಳಲ್ಲಿ ಪೇಟೆ ಜಿಗಿಯಿತು. ದೇವರಾಜು ಕಾರಿನಲ್ಲಿ ಹಂಪಾಪುರಕ್ಕೇ ಬಂದ.

"ಎಲ್ಡು ತಿಂಗ್ಳು ತಡ್ಕಳಾಕಾಗ್ನಿಲ್ವಾ? ಆ ಎಪ್ಪತ್ತು ಸಾವ್ರನಾದ್ರೂ ಕೊಡು, ಇನ್ಮೇಲೆ ಏರೋ ಕಾಲ."

"ನಿನ್ದೆಲ್ಲ ಮಾರ್ದಾಗ ನಂಗೊಂದ್ ಮಾತು ಹೇಳ್ಬಾರ್ದಿತ್ತಾ?"

ದೇವರಾಜು ನಕ್ಕ. "ಹೇಳಿದ್ರೆ, ಇಳೀತದೆ ಅಂದಿದ್ ನೀನೇ ಗೆದ್ದಂಗಾಗ್ತಿತ್ತಲ್ಲಕ್ಕ."

ಅವರು ದುಡ್ಡು ಕೊಡಲಿಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ಯಶೋದಮ್ಮ ತಾವೇ ಅಂಗಡಿಯಿಂದ ಸೀರೆ, ಬಳೆ ತಂದು, ತಮ್ಮ ಕಳಿಸಿದನೆಂದು ಪಕ್ಕದ ಮನೆಯವರಿಗೆ ತೋರಿಸಿದರು.