ಗುಡ್ಡ ಹತ್ತಿದ ಕೆರೆ ನೀರು

"ಈ ಉಡ್ಗಿ ಬಿ.ಎ. ಪಾಸಾಗೋ ದಿನ ಕೆರೆ ನೀರು ಗುಡ್ಡ ಅತ್ತತದೆ" ಎಂದವರು ನಮ್ಮೂರ ಪಟೇಲರು. ಬಂಗಾರಪೇಟೆಯ ಒಂದು ಶಾಲೆಯ ಜಗಲಿಯ ಮೇಲೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಅಂದರು. ಸುತ್ತ ಇದ್ದವರು ನಕ್ಕರು. ನಾನು ಕೆಳಗೆ ಕೆಸರಿನಲ್ಲಿ ನಿಂತಿದ್ದೆ.

ಆ ಮಳೆಗಾಲದಲ್ಲಿ, ಕಾಮಸಮುದ್ರದ ಕಡೆಯ ನಮ್ಮ ಹಳ್ಳಿಯ ಕೆರೆ ಕಟ್ಟೆ ಒಡೆದಿತ್ತು. ಊರಿನ ಮನೆಗಳಿಗೆ ನೀರು ನುಗ್ಗಿತು. ತಗ್ಗಿನಲ್ಲಿದ್ದ ನಮ್ಮ ಹೊಲಗೇರಿ ಉಳಿಯಲೇ ಇಲ್ಲ. ತಗ್ಗಿನ ಜಾಗ ನಮ್ಮ ಪಾಲಿಗೇ ಯಾಕೆ ಬಂತು ಎಂದು ಯಾರೂ ಕೇಳುವುದಿಲ್ಲ, ಬಿಡಿ. ಎಲ್ಲರನ್ನೂ ಒಟ್ಟಿಗೇ ಲಾರಿಗಳಲ್ಲಿ ಬಂಗಾರಪೇಟೆಗೆ ತಂದರು. ಇಳಿದ ಮೇಲೆ ಊರಿನವರಿಗೆ ಶಾಲೆಯ ಕೋಣೆಗಳು, ನಮಗೆ ಹಿಂದಿನ ತಗಡಿನ ಶೆಡ್ಡು. ನೀರಿನ ಟ್ಯಾಂಕರ್ ಬಂದರೆ ನಾವು ಕೊಡ ನೆಲಕ್ಕಿಟ್ಟು ಹಿಂದೆ ಸರಿಯಬೇಕು. ಊರಿನ ಹುಡುಗನೊಬ್ಬ ಚೊಂಬು ಎತ್ತಿ ಹಿಡಿದು, ಕೊಡಕ್ಕೆ ತಾಗದ ಹಾಗೆ ಮೇಲಿಂದ ಹುಯ್ಯುತ್ತಿದ್ದ. ಮನೆ ಹೋದದ್ದು ಇಬ್ಬರಿಗೂ. ಮಡಿ ಮಾತ್ರ ಅವರ ಜೊತೆ ಲಾರಿ ಹತ್ತಿ ಬಂದಿತ್ತು.

ನನಗೆ ಪಿಯುಸಿ ಪರೀಕ್ಷೆ ಬರೆಯುವುದಿತ್ತು. ಶೆಡ್ಡು ಸೋರುತ್ತಿತ್ತು, ದೀಪವಿರಲಿಲ್ಲ. ಮುಂದೆ ಬಿ.ಎ. ಓದಬೇಕು, ಕೋಣೆಯಲ್ಲಿ ಒಂದು ಮೂಲೆ ಕೊಡಿ ಎಂದು ಕೇಳಿದ್ದೆ, ಅಷ್ಟೇ. ಅದಕ್ಕೇ ಆ ಮಾತು.

ಅವ್ವ ಶೆಡ್ಡಿನಿಂದ ಬಂದು ನನ್ನ ರಟ್ಟೆ ಹಿಡಿದಳು. "ನಡಿಯೇ, ನಿಮ್ಮತ್ತೆ ಮನೀಗೆ ಓಗಾಣ. ಇವರ ಮೂಲೆ ಇವರೇ ಮಡೀಕಂಡಿರ್ಲಿ."

ಹಾಗೆ ನಾವು ಮಾರಿಕುಪ್ಪಂ ರೈಲು ಹತ್ತಿದೆವು. ತೀರಿಕೊಂಡ ಅಪ್ಪನ ತಂಗಿ, ನಮ್ಮತ್ತೆ, ಕೆ.ಜಿ.ಎಫ್‌ನ ಗಣಿ ಕೆಲಸಗಾರರ ಲೈನಿನಲ್ಲಿದ್ದಳು. ಲೈನು ಎಂದರೆ ಒಂದರ ಬೆನ್ನಿಗೊಂದು ಅಂಟಿಕೊಂಡ ಪುಟ್ಟ ಮನೆಗಳ ಸಾಲು. ಈ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ಮನೆಯಲ್ಲಿ ಸೀನು. ನಮ್ಮ ಕಡೆ ಮುದ್ದೆ, ಹುರುಳಿ ಸಾರು. ಇಲ್ಲಿ ಬೆಳಗಾದರೆ ಇಡ್ಲಿ. ಮೊದಲ ವಾರವೇ ಮಟಮಟ ಮಧ್ಯಾಹ್ನ ನೆಲ ಗಡಗಡ ಅಲುಗಿತು. ಅವ್ವ ಮತ್ತೆ ಕೆರೆ ಒಡೆಯಿತೆಂದು ನನ್ನನ್ನು ಎಳೆದುಕೊಂಡು ಗಣಿ ಮಣ್ಣಿನ ದಿಬ್ಬದ ಕಡೆ ಓಡಿದಳು. ಲೈನಿನ ಹೆಂಗಸರು ಓಡಲಿಲ್ಲ. ಬಾಗಿಲಿಗೆ ಬಂದು ಗಣಿಯ ಬಾವಿಯ ಕಡೆ ನೋಡುತ್ತಾ ನಿಂತರು. ಭೂಮಿಯೊಳಗೆ ಬಂಡೆ ಸಿಡಿದಿತ್ತು. ಅವರ ಗಂಡಂದಿರು ಅಲ್ಲೇ ಕೆಳಗಿದ್ದರು. ಎಲ್ಲರೂ ಮೇಲೆ ಬಂದರೆಂಬ ಸುದ್ದಿ ಮುಟ್ಟುವವರೆಗೆ ಯಾರ ಮನೆಯಲ್ಲೂ ಒಲೆ ಹಚ್ಚಲಿಲ್ಲ.

ಮರುದಿನ ಅವ್ವ ಬೀದಿ ಕೊಳಾಯಿಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ, ಕೊಡ ನೆಲಕ್ಕಿಟ್ಟು ಮಾರು ದೂರ ಸರಿದು ನಿಂತಿದ್ದಾಳೆ. ಹಿಂದೆ ಬಂದವರೆಲ್ಲ ತುಂಬಿಕೊಂಡು ಹೋಗುತ್ತಿದ್ದಾರೆ. ಯಾರಾದರೂ ಹುಯ್ಯಲಿ ಎಂದು ಕಾಯುತ್ತಿದ್ದಳು.

ಪಕ್ಕದ ಮನೆಯ ಕನಕಮ್ಮ ಸೊಂಟಕ್ಕೆ ಕೈಕೊಟ್ಟು ನೋಡಿದಳು. "ಎನ್ನಮ್ಮಾ, ಕೊಳಾಯಿ ಏನ್ ನಿನ್ ಮಾವನಾ, ಅಷ್ಟು ದೂರ ನಿಂತಿದೀಯಾ? ವಾ, ತಣ್ಣಿ ಪುಡಿ!"

ಬಾ, ನೀರು ಹಿಡಿ ಎಂದು ಅದರ ಅರ್ಥ. ನಾನು ಕಲಿತ ಮೊದಲ ತಮಿಳು ಇದೇ. ಅವ್ವ ಹತ್ತಿರ ಹೋಗಿ ಕೊಳಾಯಿಯ ಹಿತ್ತಾಳೆ ಮೂತಿಯನ್ನು ಮುಟ್ಟಿದಳು. ಆಮೇಲೆ ಎಲ್ಲಿಂದ ಬರುತ್ತದೆ ಈ ನೀರು ಎಂದು ಕೇಳಿದಳು.

"ಬೇತಮಂಗಲ ಕೆರೇದು. ಮಿಷಿನ್ ಇಟ್ಟು ಮೇಲಕ್ಕೆ ತಳ್ತಾರೆ" ಎಂದಳು ಕನಕಮ್ಮ.

ಅವ್ವ ನನ್ನ ಮುಖ ನೋಡಿದಳು. ನಾನೂ ನೋಡಿದೆ. ಇಬ್ಬರಿಗೂ ಪಟೇಲರು ನೆನಪಾಗಿದ್ದರು.

ಇಲ್ಲಿ ಎಲ್ಲರೂ ಸಮ ಎಂದು ಬರೆದರೆ ಸುಳ್ಳಾಗುತ್ತದೆ. ಗಣಿ ಅಧಿಕಾರಿಗಳ ಬಂಗಲೆಗಳ ಬೀದಿಯಲ್ಲಿ ಲೈನಿನವರು ಸುಮ್ಮನೆ ಅಡ್ಡಾಡುವಂತಿರಲಿಲ್ಲ. ಪಿಯುಸಿ ಮುಗಿಸಿ ಬಂಗಾರಪೇಟೆಯ ಕಾಲೇಜಿಗೆ ಸೇರಿದಾಗ ಅಲ್ಲೊಂದು ಬಾಡಿಗೆ ಕೋಣೆ ನೋಡಿದೆವು. ಮನೆಯಾಕೆ ಮೊದಲು ಊರು ಕೇಳಿದಳು, ಆಮೇಲೆ ಊರಲ್ಲಿ ಯಾವ ಬೀದಿ ಎಂದಳು. "ಓಲ್ಗೇರಿ" ಎಂದಳು ಅವ್ವ, ಗಟ್ಟಿಯಾಗಿ. ಕೋಣೆ ಆ ಕ್ಷಣವೇ ಬೇರೆ ಯಾರಿಗೋ ಬಾಡಿಗೆಗೆ ಹೋಗಿಬಿಟ್ಟಿತ್ತು. ಸರಿ, ಮಾರಿಕುಪ್ಪಂ ರೈಲೇ ನನ್ನ ಓದುವ ಕೋಣೆಯಾಯಿತು. ಕಿಟಕಿ ಪಕ್ಕದ ಮೂಲೆ ನನ್ನದು. ಅದನ್ನು ಯಾರ ಹತ್ತಿರವೂ ಕೇಳಬೇಕಿರಲಿಲ್ಲ. ಒಂದು ವರ್ಷ ಇಂಗ್ಲಿಷಿನಲ್ಲಿ ಫೇಲಾದೆ. ಮತ್ತೆ ಕಟ್ಟಿದೆ. ಪಾಸಾದೆ.

ಸರ್ಟಿಫಿಕೇಟು ಕೈಗೆ ಬಂದ ದಿನ ಲೈನಿನ ಮೈದಾನದಲ್ಲಿ ಅತ್ತೆಮಗ ಸೆಲ್ವನ ಗುಂಪಿನ ಕಾರ್ಯಕ್ರಮ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು; ಹಿಪ್-ಹಾಪ್ ಎಂಬ ಹೆಸರು ನಮಗೆ ಗೊತ್ತಿರಲಿಲ್ಲ, ಎಲ್ಲವೂ ಬ್ರೇಕ್ ಡ್ಯಾನ್ಸೇ. ಮದರಾಸಿನಿಂದ ಯಾರೋ ತಂದ ಕ್ಯಾಸೆಟ್ಟಿನಲ್ಲಿ ಅಮೆರಿಕದ ಕರಿಯ ಹುಡುಗರು ತಮ್ಮ ಬೀದಿಯ ಸಿಟ್ಟನ್ನು ತಾಳಕ್ಕೆ ಕೂರಿಸಿ ಮಾತಾಡುತ್ತಿದ್ದರು. ಮಾತು ತಿಳಿಯದಿದ್ದರೂ ಸಿಟ್ಟು ತಿಳಿಯುತ್ತಿತ್ತು.

"ಬಿ.ಎ. ಮೇಡಮ್ಮೋರು ನಮಗೂ ಒಂದು ಕೆಲಸ ಕೊಡಿಸ್ತೀರಾ?" ಎಂದ ಸೆಲ್ವ, ಬೆರಳಿಲ್ಲದ ಗ್ಲೌಸು ಹಾಕಿಕೊಳ್ಳುತ್ತಾ.

"ತಲೆ ಮೇಲೆ ಗಿರಗಿರ ಸುತ್ತೋನಿಗೆ ಯಾವನ್ಲಾ ಕೆಲಸ ಕೊಡ್ತಾನೆ?" ಎಂದೆ ನಾನು.

ರಟ್ಟಿನ ಡಬ್ಬಗಳನ್ನು ಬಿಚ್ಚಿ ನೆಲಕ್ಕೆ ಹಾಸಿದ್ದರು. ಸೆಲ್ವ ಅದರ ಮೇಲೆ ತಲೆಯೂರಿ ಬುಗುರಿಯಂತೆ ತಿರುಗಿದ. "ಅಯ್ಯೋ, ಉಡ್ಗ ಬಿದ್ದ! ಇಡ್ಕಳ್ರೋ!" ಎಂದು ಅವ್ವ ಎದ್ದೇ ನಿಂತಳು. ಅತ್ತೆ ಸೆರಗು ಹಿಡಿದು ಕೂರಿಸಿದಳು: "ಸುಮ್ನಿರು ಅತ್ಗೇ, ಅದೇ ಡ್ಯಾನ್ಸು!" ನಾನು ಶಿಳ್ಳೆ ಹಾಕಿದೆ. ಹುಡುಗಿ ಶಿಳ್ಳೆ ಹಾಕಿದಳೆಂದು ನಮ್ಮೂರಲ್ಲಾದರೆ ಪಂಚಾಯಿತಿ ಸೇರುತ್ತಿತ್ತು. ಇಲ್ಲಿ ಕನಕಮ್ಮ ನನಗಿಂತ ಜೋರಾಗಿ ಹಾಕಿದಳು.

ಆಮೇಲೆ ಸೆಲ್ವ ಮೈಕು ಹಿಡಿದು, ತಾಳದ ಮೇಲೆ ನಮ್ಮ ಕಥೆ ಶುರುಮಾಡಿದ. ಲಾರಿ, ಶೆಡ್ಡು, ಮೇಲಿಂದ ಹುಯ್ಯುವ ಚೊಂಬು, ಕೊಳಾಯಿಯ ಮುಂದೆ ಕಾದು ನಿಂತ ಅವ್ವ. ನಡುನಡುವೆ ಜನರನ್ನು ಕೇಳುತ್ತಿದ್ದ.

"ನೀರು ಯಾರ್ದು?" "ನಮ್ದು!"

"ತಣ್ಣಿ ಯಾರೋಡದು?" "ನಮ್ಮೋಡದು!"

"ನೀಳ್ಳು ಎವರಿವಿ?" "ಮಾವಿ!"

ಕನ್ನಡ, ತಮಿಳು, ತೆಲುಗು, ಮೂರು ಭಾಷೆಯಲ್ಲೂ ಮೈದಾನ ಕೂಗಿತು. ಅವ್ವನೂ ಕೂಗಿದಳು, ಕೈಯೆತ್ತಿ. ಶೆಡ್ಡಿನಲ್ಲಿ ನುಂಗಿಕೊಂಡದ್ದೆಲ್ಲ ಅವಳ ಗಂಟಲಿನಿಂದ ಹೊರಗೆ ಬಂತು. ನಾನು ಕುಣಿದೆ. ಚಪ್ಪಲಿಯ ಉಂಗುಷ್ಠ ಕಿತ್ತುಹೋಗುವವರೆಗೆ ಕುಣಿದೆ.

ತಾಳ ನಿಲ್ಲಿಸಿ ಸೆಲ್ವ ನನ್ನ ಹೆಸರು ಕೂಗಿದ. ಸರ್ಟಿಫಿಕೇಟನ್ನು ಕನಕಮ್ಮನ ಕೈಗಿತ್ತು, ಎಲ್ಲರೆದುರು ಕೊಡಿಸಿದ. ಅವಳು ಅದನ್ನು ನನ್ನ ಕೈಗಿಟ್ಟು ಎರಡೇ ಮಾತು ಹೇಳಿದಳು: "ಪುಡಿ, ರತ್ನಾ."

ನಾನು ಅದನ್ನು ಅವ್ವನಿಗೆ ಕೊಟ್ಟೆ. ಓದಲು ಬಾರದ ಅವಳು ಅಕ್ಷರಗಳ ಮೇಲೆ ಬೆರಳಾಡಿಸಿದಳು, ಅವತ್ತು ಹಿತ್ತಾಳೆಯ ಮೂತಿ ಮುಟ್ಟಿದ ಹಾಗೆ. ಆಮೇಲೆ ಸೆರಗು ಬಿಗಿದು ಕಟ್ಟಿದಳು.

"ನಾಳೀಕೆ ನಮ್ಮೂರಿಗೆ ಓಗಾಣ ಕಣೇ. ನೀರು ಗುಡ್ಡ ಅತ್ತಾಯ್ತು ಅಂತ ಆ ಪಟೇಲಪ್ಪನ ಜಗಲಿ ಮೇಲೇ ನಿಂತ್ಕಂಡು ಯೋಳ್ಬುಟ್ಟು, ಸಾಯಂಕಾಲ್ದ ಬಸ್ಸಿಗೆ ತಿರ್ಗಾ ಈ ನಮ್ಮೂರಿಗೆ ಬಂದ್ಬುಡಾಣ."