ಪರೀಕ್ಷಿಸಿದವರ ಸಹಿ

ಜನ್ನಾಪುರದ ನಮ್ಮ ಪಕ್ಕದ ಮನೆಯವರು ಕಾರ್ಖಾನೆಯ ಪ್ರಯೋಗಾಲಯದಿಂದ ನಿವೃತ್ತರಾಗಿದ್ದರೇ ಹೊರತು ಪ್ರಯೋಗದಿಂದಲ್ಲ. ಹಲ್ಲುಪುಡಿ, ಫಿನಾಯಿಲ್ ಎಲ್ಲವನ್ನೂ ಮನೆಯಲ್ಲೇ ತಯಾರಿಸಿ, "ಅಳತೇಲಿ ತಪ್ಪಿಲ್ಲ" ಎನ್ನುತ್ತಿದ್ದರು.

ಹೆಂಡತಿಯ ಕಾಲುಸೆಳೆತಕ್ಕೆ ಮೆಗ್ನೀಷಿಯಂ ಒಳ್ಳೆಯದೆಂದು ಓದಿದ್ದೇ ತಡ, ಭೇದಿಗೆಂದು ಮಾರುವ ಮೆಗ್ನೀಷಿಯಂ ಉಪ್ಪನ್ನೇ ತಂದು, ಚೈನಾ ಗ್ರಾಸ್, ಬೆಲ್ಲ, ನಿಂಬೆರಸದೊಡನೆ ಕುದಿಸಿ, ಇಡ್ಲಿ ತಟ್ಟೆಯಲ್ಲಿ ಜೆಲ್ಲಿ ಮಾಡಿದರು. ಡಬ್ಬಿಗೆ ಕಾರ್ಖಾನೆಯ ಶಿಸ್ತಿನ ಚೀಟಿಯನ್ನೂ ಅಂಟಿಸಿದರು. ತಯಾರಿಯ ದಿನಾಂಕವಿತ್ತು, ತೂಕವಿತ್ತು. 'ಪರೀಕ್ಷಿಸಿದವರು' ಎಂಬಲ್ಲಿ ಮಾತ್ರ ಸಹಿಯಿರಲಿಲ್ಲ.

ಅಂದು ನನ್ನ ಎಂ.ಎ. ಪರೀಕ್ಷೆ. "ತಿನ್ನೇ ಮಾರಾಯ್ತಿ, ನರಕ್ಕೆ ಬಲ ಬರುತ್ತೆ" ಎಂದು ಎರಡು ತಿನ್ನಿಸಿದರು. ವಿಶ್ವವಿದ್ಯಾಲಯವಿರುವ ಶಂಕರಘಟ್ಟದ ಬಸ್ಸು ಬರುವ ಮೊದಲೇ ನಾನು ಮನೆಗೆ ಓಡಿದ್ದೆ. ಅವರ ಪಾಯಿಖಾನೆಯ ಮುಂದೆ ಜೆಲ್ಲಿ ತಿಂದ ಮನೆಮಂದಿಯೆಲ್ಲ ಸಾಲುಗಟ್ಟಿದ್ದರು. ಬಸ್ಸು ತಪ್ಪಿತು, ಪರೀಕ್ಷೆಯೂ ತಪ್ಪಿತು.

ಸಂಜೆ ಡಬ್ಬಿಯನ್ನು ಅವರೆದುರು ಇಟ್ಟು ಕೇಳಿದೆ: "ಇದಕ್ಕೆ ಹೊಣೆ ಯಾರು ಅಂಕಲ್?"

"ಅಳತೇಲಿ ತಪ್ಪಿಲ್ಲ."

ಒಳಗಿನಿಂದ ಹೆಂಡತಿಯ ಕ್ಷೀಣ ಸ್ವರ ಬಂತು: "ಅವರು ಒಂದನ್ನೂ ಬಾಯಿಗೆ ಹಾಕಿಲ್ಲ ಕಣೇ!"

ಅಂಕಲ್ ಜೇಬಿನ ಪೆನ್ನು ತೆಗೆದು ಆ ಖಾಲಿ ಜಾಗದಲ್ಲಿ ಸಹಿ ಹಾಕಿದರು. ನನ್ನ ಕಣ್ಣೆದುರೇ ನಾಲ್ಕು ಜೆಲ್ಲಿ ನುಂಗಿದರು.

ಹೊಣೆಯನ್ನು ಹೊತ್ತು ಅಷ್ಟು ಚುರುಕಾಗಿ ಎದ್ದು ಓಡಿದ ಇನ್ನೊಬ್ಬ ಅಧಿಕಾರಿಯನ್ನು ನಾನು ಇಂದಿಗೂ ಕಂಡಿಲ್ಲ.